ಪೆಡಲ್ ಬದಲಿಸಿದರೂ ನಿಲ್ಲದ ಕಿರುಗುಟ್ಟು: ಒಂದು ಡ್ರಮ್ ಕಿಟ್‌ನ ಪ್ರಕರಣ

ಇದು ಒಂದು ರಿಹರ್ಸಲ್ ರೂಮಿನ ಡ್ರಮ್ ಕಿಟ್‌ನ ಪ್ರಕರಣ. ರೂಮು ಎಲ್ಲಿದೆ, ಯಾರದ್ದು, ಅಲ್ಲಿಗೆ ಬರುವ ಬ್ಯಾಂಡ್‌ಗಳು ಯಾವುವು ಅನ್ನೋದನ್ನೆಲ್ಲ ಬಿಟ್ಟಿದ್ದೇನೆ. ಕಿಟ್ ಯಾವ ಕಂಪನಿಯದು ಅನ್ನೋದೂ ಬೇಡ, ಯಾಕೆಂದರೆ ಈ ತೊಂದರೆ ಯಾವ ಕಿಟ್‌ಗಾದರೂ ಬರಬಹುದು. ಇದರಲ್ಲಿ ಮುಖ್ಯವಾಗಿ ಇಬ್ಬರಿದ್ದಾರೆ. ಒಬ್ಬರು ಅಲ್ಲಿ ಜಾಸ್ತಿ ನುಡಿಸುವ ಡ್ರಮ್ಮರ್, ಇನ್ನೊಬ್ಬರು ರೂಮ್ ನೋಡಿಕೊಳ್ಳುವವರು. ಅವರಿಬ್ಬರೂ ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ ನನ್ನನ್ನು ಕರೆದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಕಿಟ್ ಸಾಧಾರಣದ್ದೇ. ಕಾಲಿನ ಪೆಡಲ್‌ನಿಂದ ನುಡಿಸುವ 22 ಇಂಚಿನ ಬಾಸ್ ಡ್ರಮ್, ಪಕ್ಕದಲ್ಲಿ ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್, ಕೆಳಗೆ ತಂತಿಗಳಿರುವ ಸ್ನೇರ್ ಡ್ರಮ್, ಜೋಡಿ ತಾಳದ ಹೈ-ಹ್ಯಾಟ್, ಎರಡು ಸಿಂಬಲ್ (ತಾಳದ ತಟ್ಟೆ) ಸ್ಟ್ಯಾಂಡ್. ಬಾಸ್ ಡ್ರಮ್ ಮೇಲೆ ಎರಡು ಟಾಮ್ (ಸಣ್ಣ ಡ್ರಮ್) ಕೂರಿಸುವ ಹೋಲ್ಡರ್ ಇದೆ. ಆದರೆ ಅದರಲ್ಲಿ ಒಂದೇ ಟಾಮ್ ಇದೆ, ಅದೂ ಎಡಗಡೆ. ಬಲಗಡೆಯ ಜಾಗವನ್ನು ಸಿಂಬಲ್‌ಗಾಗಿ ಯಾರೋ ಖಾಲಿ ಮಾಡಿದ್ದರು. ಈ ಸಣ್ಣ ವಿಷಯ ಆಮೇಲೆ ದೊಡ್ಡದಾಗುತ್ತದೆ, ನೆನಪಿಟ್ಟುಕೊಳ್ಳಿ.

ಪೆಡಲ್ ಒಂದೇ ಚೈನಿನದು. ಕೆಳಗೆ ಗಟ್ಟಿ ತಗಡಿನ ಬೇಸ್ ಪ್ಲೇಟ್ ಇಲ್ಲ. ಹಿಮ್ಮಡಿಯ ಪಟ್ಟಿಯನ್ನೂ ಮುಂದಿನ ಚೌಕಟ್ಟನ್ನೂ ಎರಡು ಕಬ್ಬಿಣದ ಕಂಬಿಗಳು ಸೇರಿಸುತ್ತವೆ, ಅಷ್ಟೇ. ಹಗುರ, ಮಡಚಿ ಬ್ಯಾಗಿಗೆ ಹಾಕಬಹುದು. ಇಂಥ ಪೆಡಲ್ ಕೆಟ್ಟದ್ದೇನಲ್ಲ. ಆದರೆ ಬೇಸ್ ಪ್ಲೇಟ್ ಇರುವ ಪೆಡಲ್‌ಗಿಂತ ಇದು ಬೇಗ ತಿರುಚಿಕೊಳ್ಳುತ್ತದೆ.

ಬಾಸ್ ಡ್ರಮ್ ಪೆಡಲ್ ಅನ್ನೋದು ನೋಡೋಕೆ ಜಟಿಲ, ಒಳಗೆ ಸರಳ. 1909ರಲ್ಲಿ ಶಿಕಾಗೋದಲ್ಲಿ ಲುಡ್ವಿಗ್ ಅಣ್ಣತಮ್ಮಂದಿರು ಕಂಪನಿ ಶುರು ಮಾಡಿದ್ದೇ ಇಂಥ ಒಂದು ಪೆಡಲ್ ನಂಬಿಕೊಂಡು. ಅವತ್ತಿನಿಂದ ಇವತ್ತಿನವರೆಗೆ ಮೂಲ ಕೆಲಸ ಹೆಚ್ಚೇನೂ ಬದಲಾಗಿಲ್ಲ. ಕಾಲು ಹಲಗೆಯನ್ನು ಒತ್ತುತ್ತದೆ. ಹಲಗೆ ಚೈನನ್ನೋ ಪಟ್ಟಿಯನ್ನೋ ಎಳೆಯುತ್ತದೆ, ಅದು ಮೇಲಿನ ಅಡ್ಡ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟಿಗೆ ಸಿಕ್ಕಿಸಿದ ಬೀಟರ್ ಹೋಗಿ ಹೊಡೆಯುತ್ತದೆ. ವಾಪಸ್ ತರುವುದು ಸ್ಪ್ರಿಂಗ್. ಅಂದರೆ ಸದ್ದು ಬರಬಹುದಾದ ಜಾಗಗಳು ಕೈಬೆರಳೆಣಿಕೆಯಷ್ಟು: ಹಿಮ್ಮಡಿಯ ಹತ್ತಿರದ ಹಿಂಜ್, ಚೈನು, ಶಾಫ್ಟಿನ ಎರಡು ತುದಿಯ ಬೇರಿಂಗ್, ಸ್ಪ್ರಿಂಗ್‌ನ ಮೇಲಿನ ಮತ್ತು ಕೆಳಗಿನ ಕೊಕ್ಕೆ, ಆಮೇಲೆ ಡ್ರಮ್ಮಿನ ಹೂಪನ್ನು (ಅಂಚಿನ ದೊಡ್ಡ ಬಳೆಯನ್ನು) ಕಚ್ಚಿ ಹಿಡಿಯುವ ಕ್ಲಾಂಪ್. ಇಷ್ಟು ಕಡಿಮೆ ಜಾಗ ಇದ್ದೂ ಇವರು ವಾರಗಟ್ಟಲೆ ಪರದಾಡಿದ್ದು ಯಾಕೆ ಅನ್ನೋದೇ ಈ ಪ್ರಕರಣ.

ಇನ್ನೊಂದು ಮಾತು. ಈ ಕಿಟ್ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಎಡಗಾಲಿನವರು ಬಂದರೆ ಇಡೀ ಕಿಟ್ ತಿರುಗುತ್ತದೆ. ಎತ್ತರದವರು ಬಂದರೆ ಸೀಟು ಮೇಲೆ ಹೋಗುತ್ತದೆ, ಅದರ ಹಿಂದೆ ಸ್ಟ್ಯಾಂಡ್‌ಗಳೂ ಹೋಗುತ್ತವೆ. ಪ್ರತಿಯೊಬ್ಬರೂ ಏನನ್ನೋ ಸಡಿಲ ಮಾಡುತ್ತಾರೆ, ಮತ್ತೆ ತಮ್ಮ ಕೈಬಲದಷ್ಟು ಬಿಗಿ ಮಾಡಿ ಹೋಗುತ್ತಾರೆ. ಮೊದಲು ಹೇಗಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ದೂರು ಏನಿತ್ತು

ನನಗೆ ಬಂದ ದೂರು ಒಂದೇ ಸಾಲು: 'ಪೆಡಲ್ ಹಾಳಾಗಿದೆ, ಹೊಸದೂ ಹಾಳಾಯ್ತು.'

ಕೂತು ಕೇಳಿದಾಗ ಅದು ಒಂದು ದೂರಲ್ಲ, ನಾಲ್ಕು. ಒಂದು, ಬೀಟರ್ ವಾಪಸ್ ಬರುವಾಗ ಕಿರ್ರ್ ಅನ್ನುತ್ತದೆ. ಜೋರು ಹಾಡಿನಲ್ಲಿ ಗೊತ್ತಾಗುವುದಿಲ್ಲ, ಮೆಲ್ಲನೆಯ ಹಾಡು ರೆಕಾರ್ಡ್ ಮಾಡುವಾಗ ಬಾಸ್ ಡ್ರಮ್ಮಿನ ಮೈಕಿನಲ್ಲಿ ಚೆನ್ನಾಗಿ ಕೇಳುತ್ತದೆ. ಎರಡು, ಅರ್ಧ ಗಂಟೆ ನುಡಿಸುವಷ್ಟರಲ್ಲಿ ಪೆಡಲ್ ಭಾರ ಆಗುತ್ತದೆ, ಬೀಟರ್ ಸೋಮಾರಿಯಾಗಿ ಹಿಂದೆ ಬರುತ್ತದೆ. ಮೂರು, ಹೊಡೆದಾದ ಮೇಲೆ ಎಲ್ಲಿಂದಲೋ ಝರ್ರ್ ಅಂತ ಒಂದು ಬಾಲ. ನಾಲ್ಕು, ಬಾಸ್ ಡ್ರಮ್ ನಿಧಾನಕ್ಕೆ ಮುಂದೆ ನಡೆಯುತ್ತದೆ, ಹಾಡು ಮುಗಿದಾಗ ಡ್ರಮ್ಮರ್ ಕಾಲು ಚಾಚಿ ಕೂತಿರುತ್ತಾರೆ.

ಇದನ್ನೆಲ್ಲ ಸೇರಿಸಿ 'ಪೆಡಲ್ ಹಾಳು' ಅಂದುಬಿಟ್ಟಿದ್ದರು. ಕಾಲು ಇರುವುದು ಪೆಡಲ್ ಮೇಲೆ, ಹಾಗಾಗಿ ಏನೇ ಆದರೂ ಕಾಲಿಗೆ ತಗುಲುವ ವಸ್ತುವಿನ ಮೇಲೇ ಅನುಮಾನ ಬರುತ್ತದೆ. ಸಹಜ.

ಅಲ್ಲಿಯವರೆಗೆ ಮಾಡಿದ್ದು

ಮೊದಲು ಸ್ಪ್ರೇ ಹೊಡೆದಿದ್ದರು. ತುಕ್ಕು ಬಿಡಿಸಲು ಎಲ್ಲರ ಮನೆಯಲ್ಲೂ ಇರುವ ಡಬ್ಬಿ ಸ್ಪ್ರೇ. ಹಿಂಜ್‌ಗೆ, ಚೈನ್‌ಗೆ, ಬೇರಿಂಗ್‌ಗೆ, ಕಾಣಿಸಿದ ಕಡೆಗೆಲ್ಲ. ಸದ್ದು ಹೋಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು, ಮತ್ತೆ ಹೊಡೆದರು. ಹೀಗೇ ನಡೆಯಿತು. ಈ ಸ್ಪ್ರೇಗಳಲ್ಲಿ ಜಾಸ್ತಿ ಇರುವುದು ಬೇಗ ಆರಿಹೋಗುವ ತೆಳು ದ್ರವ, ಜೊತೆಗೆ ಸ್ವಲ್ಪ ಎಣ್ಣೆ. ಅಂಟಿಕೊಂಡ ನಟ್ಟು ಬಿಡಿಸಲು ಅದು ಬಹಳ ಒಳ್ಳೆಯದು. ಆದರೆ ಬೇರಿಂಗ್ ಒಳಗಿರುವ ಗ್ರೀಸನ್ನು ಅದು ತೊಳೆದು ಹಾಕುತ್ತದೆ. ಮೊದಲ ಸಲ ಹೊಡೆದಾಗ ಆರಾಮ, ಆಮೇಲೆ ಇದ್ದ ಗ್ರೀಸೂ ಇಲ್ಲ. ಮೇಲೆ ಉಳಿದ ತೆಳು ಎಣ್ಣೆಗೆ ಕಾರ್ಪೆಟ್ಟಿನ ಧೂಳು, ನೂಲು ಎಲ್ಲ ಅಂಟುತ್ತದೆ. ನಾನು ನೋಡಿದಾಗ ಚೈನಿನ ಕೊಂಡಿಗಳ ನಡುವೆ ಬೂದು ಬಣ್ಣದ ಮೆತ್ತನೆ ಪದರವೇ ಕಟ್ಟಿತ್ತು.

ಎರಡನೆಯದು, ಎಲ್ಲವನ್ನೂ ಬಿಗಿ ಮಾಡಿದ್ದು. ಇದನ್ನು ಪಕ್ಕಡ್ ಹಿಡಿದು ಮಾಡಿದ್ದರು. ರೆಕ್ಕೆ ಇರುವ ನಟ್ಟು, ರೆಕ್ಕೆ ಇರುವ ಬೋಲ್ಟು ಇರುವುದೇ ಬೆರಳಲ್ಲಿ ತಿರುಗಿಸುವುದಕ್ಕೆ. ಬೆರಳಿನ ಬಲ ಸಾಲುತ್ತಿಲ್ಲ ಅಂದರೆ ಏನೋ ಸವೆದಿದೆ ಅಂತ ಅರ್ಥ. ಪಕ್ಕಡ್ ಹಾಕಿದರೆ ಉಳಿದ ಥ್ರೆಡ್ (ಸುರುಳಿ ಗೆರೆ) ಕೂಡ ಹೋಗುತ್ತದೆ. ಇಲ್ಲಿ ಹಾಗೇ ಆಗಿತ್ತು, ಆದರೆ ಎಲ್ಲಿ ಆಗಿತ್ತು ಅನ್ನೋದು ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೂರನೆಯದು, ಹೊಸ ಸ್ಪ್ರಿಂಗ್. ಹಳೆಯದು ಸೋತಿದೆ, ಅದಕ್ಕೇ ಬೀಟರ್ ನಿಧಾನ ಅಂತ ತೀರ್ಮಾನ. ಹೊಸದು ಹಾಕಿ ಚೆನ್ನಾಗಿ ಎಳೆದು ಕಟ್ಟಿದರು. ಬೀಟರ್ ವೇಗವಾಗಿ ಬರತೊಡಗಿತು. ಆದರೆ ಒತ್ತಲು ಇನ್ನೂ ಜಾಸ್ತಿ ಬಲ ಬೇಕಾಯಿತು, ಕಿರ್ರ್ ಅನ್ನೋದೂ ಹೋಗಲಿಲ್ಲ.

ನಾಲ್ಕನೆಯದು, ಬೇರೆಯವರ ಪೆಡಲ್ ತಂದು ಹಾಕಿದ್ದು. ಅದೂ ಕಂಬಿಯ ಪೆಡಲ್ಲೇ, ಹೆಚ್ಚು ಕಡಿಮೆ ಹೊಸದು. ಆ ಸಂಜೆ ಪೂರ್ತಿ ಸದ್ದಿಲ್ಲ. ಎಲ್ಲರಿಗೂ ಸಮಾಧಾನ. ಮುಂದಿನ ರಿಹರ್ಸಲ್‌ನಲ್ಲಿ ಅದೂ ಕಿರ್ರ್ ಅಂತು. ಡ್ರಮ್ಮರ್ ಹೇಳಿದ್ದು, 'ಸಾರ್, ಈ ಡ್ರಮ್ಮಿಗೆ ಯಾವ ಪೆಡಲ್ ಹಾಕಿದರೂ ಕೆಡುತ್ತೆ.' ಬೇಜಾರಲ್ಲಿ ಹೇಳಿದ ಮಾತು. ಆದರೆ ಇಡೀ ಪ್ರಕರಣದಲ್ಲಿ ಸರಿಯಾದ ದಿಕ್ಕಿನ ಮೊದಲ ಮಾತು ಅದೇ. ಎರಡು ಬೇರೆ ಬೇರೆ ಪೆಡಲ್, ಒಂದೇ ತೊಂದರೆ. ಹಾಗಾದರೆ ತೊಂದರೆ ಪೆಡಲ್ ಜೊತೆ ಓಡಾಡುತ್ತಿಲ್ಲ, ಜಾಗದಲ್ಲೇ ಉಳಿದಿದೆ.

ನಾನು ಬಂದಾಗ ಡ್ರಮ್ಮೇ ಬದಲಿಸುವ ಮಾತು ನಡೆಯುತ್ತಿತ್ತು.

ಮುಟ್ಟುವ ಮೊದಲು

ಎಣ್ಣೆ ಡಬ್ಬಿಯನ್ನೂ ಪಕ್ಕಡನ್ನೂ ಪಕ್ಕಕ್ಕಿಡಲು ಹೇಳಿದೆ. ಸದ್ದು ಇರುವಾಗಲೇ ಅದನ್ನು ಹಿಡಿಯಬೇಕು. ಎಣ್ಣೆ ಹಾಕಿದರೆ ಸದ್ದು ನಿಲ್ಲುತ್ತದೆ, ಅದರ ಜೊತೆಗೆ ಸುಳಿವೂ ಹೋಗುತ್ತದೆ.

ಮೊದಲು ಪೆಡಲನ್ನು ಇದ್ದ ಜಾಗದಲ್ಲೇ ಕೈಯಿಂದ ನಿಧಾನವಾಗಿ ಒತ್ತಿದೆವು, ಬೀಟರ್ ಡ್ರಮ್ಮಿನ ಹೆಡ್‌ಗೆ (ಹೊಡೆತ ಬೀಳುವ ಹಾಳೆಗೆ) ತಾಗದಷ್ಟು. ಕಿರ್ರ್ ಬಂತು. ಅಂದರೆ ಹೊಡೆತದಿಂದ ಬರುವ ಸದ್ದಲ್ಲ, ಚಲನೆಯಿಂದ ಬರುವ ಸದ್ದು. ಆಮೇಲೆ ಕ್ಲಾಂಪ್ ಸಡಿಲ ಮಾಡಿ ಪೆಡಲ್ ಹೊರಗೆ ತೆಗೆದು, ಸಮ ನೆಲದ ಮೇಲಿಟ್ಟು ಅದೇ ಥರ ಒತ್ತಿದೆವು. ಸದ್ದಿಲ್ಲ. ವಾಪಸ್ ಡ್ರಮ್ಮಿಗೆ ಕಚ್ಚಿಸಿದೆವು. ಸದ್ದಿಲ್ಲ!

ಇಲ್ಲಿ ಎಲ್ಲರೂ ಗೊಂದಲಕ್ಕೆ ಬಿದ್ದರು. ರೂಮ್ ನೋಡಿಕೊಳ್ಳುವವರು 'ಹಾಗಾದರೆ ಸರಿ ಹೋಯ್ತಲ್ವಾ' ಅಂದರು. ಸರಿ ಹೋಗಿರಲಿಲ್ಲ. ಏನನ್ನೂ ರಿಪೇರಿ ಮಾಡದೆ ಸದ್ದು ಹೋಗಿದೆ ಅಂದರೆ, ತೆಗೆದು ಹಾಕುವಾಗ ನಾವು ಏನನ್ನೋ ಬದಲಿಸಿದ್ದೇವೆ ಅಂತ ಅರ್ಥ. ಏನು ಬದಲಾಯಿತು ಅಂತ ಕೇಳಿಕೊಳ್ಳದೆ ಅಲ್ಲಿಗೇ ಬಿಟ್ಟಿದ್ದರೆ ಬೇರೆಯವರ ಪೆಡಲ್ ತಂದ ಸಂಜೆಯ ಕಥೆಯೇ ಮತ್ತೆ ನಡೆಯುತ್ತಿತ್ತು. ಆ ಸಂಜೆಯೂ ಇಷ್ಟೇ ಆಗಿದ್ದು. ಪೆಡಲ್ ಹೊಸದು ಅಂತ ಸದ್ದು ಹೋಗಿರಲಿಲ್ಲ, ಹೊಸದಾಗಿ ಕಚ್ಚಿಸಿದ್ದರಿಂದ ಹೋಗಿತ್ತು.

ಡ್ರಮ್ಮರ್‌ಗೆ ನುಡಿಸಲು ಹೇಳಿ ನಾನು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು ಪೆಡಲ್ ಬುಡ ನೋಡುತ್ತಾ ಇದ್ದೆ. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಅರ್ಧ ಭಾಗ ನೆಲದ ಮೇಲೆ ಮಲಗುವುದೇ. ಸ್ವಲ್ಪ ಹೊತ್ತಿಗೆ ಚೌಕಟ್ಟಿನ ಬಲಗಡೆಯ ಪಾದ ಕಾರ್ಪೆಟ್ ಬಿಟ್ಟು ಮೇಲೆ ಏಳತೊಡಗಿತು. ಮೊದಲು ಒಂದು ಕಾಗದ ತೂರುವಷ್ಟು. ಆಮೇಲೆ ಒಂದು ರಟ್ಟು ತೂರುವಷ್ಟು. ಜೊತೆಗೇ ಕಿರ್ರ್ ಶುರುವಾಯಿತು.

ತಿರುವು

ಪೆಡಲ್ ತಾನಾಗಿ ಓರೆ ಆಗುವುದಿಲ್ಲ. ಅದು ಹೂಪನ್ನು ಕಚ್ಚಿ ಹಿಡಿದಿದೆ, ಹೂಪ್ ತಿರುಗಿದರೆ ಪೆಡಲೂ ತಿರುಗುತ್ತದೆ. ಹಾಗಾದರೆ ಡ್ರಮ್ ಉರುಳುತ್ತಿದೆ.

ಬಾಸ್ ಡ್ರಮ್ಮಿನ ಎರಡೂ ಬದಿಯಲ್ಲಿ ಊರಿ ನಿಲ್ಲಿಸುವ ಕಾಲುಗಳಿವೆ, ಸ್ಪರ್ ಅಂತಾರೆ. ಒಳಗಿನ ಕೊಳವೆ ಹೊರಗಿನದರೊಳಗೆ ಜಾರಿ ಉದ್ದ ಹೆಚ್ಚು ಕಡಿಮೆ ಆಗುತ್ತದೆ, ಒಂದು ರೆಕ್ಕೆ ಬೋಲ್ಟು ಅದನ್ನು ಹಿಡಿದಿರುತ್ತದೆ. ಎಡಗಡೆಯ ಸ್ಪರ್ ಹಿಡಿದು ಒತ್ತಿದೆ. ಆರಾಮಾಗಿ ಒಳಗೆ ಜಾರಿತು. ಬೋಲ್ಟು ಬಿಗಿಯಾಗಿಯೇ ಕಾಣುತ್ತಿತ್ತು, ಪಕ್ಕಡ್ ಹಾಕಿದ ಗುರುತೂ ಇತ್ತು. ತೆಗೆದು ನೋಡಿದರೆ ತುದಿಯ ಥ್ರೆಡ್ ನುಣ್ಣಗೆ ಸವೆದಿತ್ತು. ತಿರುಗುತ್ತದೆ, ಬಿಗಿ ಆದಂತೆ ಅನಿಸುತ್ತದೆ, ಆದರೆ ಕೊಳವೆಯನ್ನು ಒತ್ತಿ ಹಿಡಿಯುವುದಿಲ್ಲ.

ಈಗ ಟಾಮ್ ವಿಷಯ. ಎರಡು ಟಾಮ್ ಹೊರುವ ಹೋಲ್ಡರ್‌ನಲ್ಲಿ ಎಡಗಡೆ ಮಾತ್ರ ಭಾರ. ಪ್ರತಿ ಹೊಡೆತಕ್ಕೂ ಆ ಭಾರ ಡ್ರಮ್ಮನ್ನು ಎಡಕ್ಕೆ ವಾಲಿಸುತ್ತದೆ. ಎಡಗಡೆಯ ಸ್ಪರ್ ಕೂದಲೆಳೆಯಷ್ಟು ಒಳಗೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಅದು ಕಣ್ಣಿಗೆ ಕಾಣುವಷ್ಟು ಆಗುತ್ತದೆ. ಡ್ರಮ್ ದುಂಡಗಿದೆ, ಹಾಗಾಗಿ ಉರುಳಿದ್ದು ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಅದರ ಬುಡಕ್ಕೆ ಕಚ್ಚಿಸಿದ ಪೆಡಲ್ ಚಪ್ಪಟೆ. ಡ್ರಮ್ ಎಡಕ್ಕೆ ಉರುಳಿದಂತೆ ಪೆಡಲ್ ಚೌಕಟ್ಟಿನ ಬಲ ಅಂಚು ಮೇಲೇಳುತ್ತದೆ. ಹಿಮ್ಮಡಿ ಪಟ್ಟಿ ಮಾತ್ರ ಕಾಲಿನ ಭಾರಕ್ಕೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಹಿಂದಿನ ಭಾಗ ಸಮ, ಮುಂದಿನ ಭಾಗ ಓರೆ. ಮಧ್ಯದ ಕಾಲುಹಲಗೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ. ಹಿಂಜ್‌ನ ಪಿನ್ನು ತನ್ನ ತೂತಿನಲ್ಲಿ ಓರೆಯಾಗಿ ಉಜ್ಜುತ್ತದೆ, ಚೈನು ತಾನು ಸುತ್ತುವ ಕ್ಯಾಮ್‌ನ (ಶಾಫ್ಟಿನ ಮೇಲಿನ ಚಕ್ರದ) ನಡುವೆ ಓಡುವ ಬದಲು ಅಂಚಿಗೆ ತಾಗುತ್ತದೆ. ಕಿರ್ರ್ ಅದೇ. ಭಾರ ಆಗುತ್ತಿದ್ದದ್ದೂ ಅದೇ. ಊರಿ ನಿಲ್ಲಬೇಕಾದ ಎರಡು ಕಾಲಲ್ಲಿ ಒಂದು ಊರದೇ ಇದ್ದದ್ದರಿಂದ ಡ್ರಮ್ ಮುಂದೆ ನಡೆಯುತ್ತಿದ್ದದ್ದೂ ಅದೇ. ನಾಲ್ಕು ದೂರಲ್ಲಿ ಮೂರು ಒಂದೇ ಬೋಲ್ಟಿಗೆ ಬಂದು ನಿಂತವು.

ಇಷ್ಟು ಹೇಳಿದರೂ ಡ್ರಮ್ಮರ್‌ಗೆ ಪೂರ್ತಿ ನಂಬಿಕೆ ಬರಲಿಲ್ಲ. ಬರಬೇಕಾಗಿಯೂ ಇಲ್ಲ, ಕಥೆ ಸೊಗಸಾಗಿದೆ ಅಂತ ಅದು ನಿಜ ಆಗುವುದಿಲ್ಲವಲ್ಲ. ಹಾಗಾಗಿ ತಪ್ಪನ್ನು ಬೇಕೆಂದೇ ಹುಟ್ಟಿಸಿ ನೋಡಿದೆವು. ಪೆಡಲನ್ನು ಡ್ರಮ್ಮಿನಿಂದ ತೆಗೆದು ಸಮ ನೆಲದ ಮೇಲಿಟ್ಟು, ಚೌಕಟ್ಟಿನ ಬಲಗಡೆ ಪಾದದ ಕೆಳಗೆ ಮಡಚಿದ ರಟ್ಟು ಇಟ್ಟು, ಒಬ್ಬರು ಚೌಕಟ್ಟನ್ನು ಅದುಮಿ ಹಿಡಿದು ಇನ್ನೊಬ್ಬರು ಒತ್ತಿದರು. ಕಿರ್ರ್. ರಟ್ಟು ತೆಗೆದರೆ ಇಲ್ಲ. ಎರವಲು ಪೆಡಲ್‌ಗೂ ಅದೇ ಮಾಡಿದೆವು, ಅದೂ ಕಿರ್ರ್ ಅಂತು. ಡ್ರಮ್ ಇಲ್ಲದೆಯೇ ಡ್ರಮ್ಮಿನ ತೊಂದರೆ ಬಂತು. ಅಲ್ಲಿಗೆ ವಾದ ಮುಗಿಯಿತು.

ನನ್ನ ಮಟ್ಟಿಗೆ ರಿಪೇರಿಗಿಂತ ಈ ರಟ್ಟಿನ ಪರೀಕ್ಷೆ ದೊಡ್ಡದು. ಸದ್ದು ಹೋಗಿಸುವುದು ಎಷ್ಟೋ ಸಲ ಅದೃಷ್ಟದಿಂದಲೂ ಆಗುತ್ತದೆ. ಸದ್ದು ಬೇಕಾದಾಗ ತರಿಸಿ ಬೇಕಾದಾಗ ನಿಲ್ಲಿಸಲು ಸಾಧ್ಯವಾದರೆ ಮಾತ್ರ ಕಾರಣ ಸಿಕ್ಕಿದೆ ಅಂತ ಒಪ್ಪಬಹುದು.

ಸರಿ ಮಾಡಿದ್ದು

ಸ್ಪರ್‌ಗೆ ಹೊಸ ಬೋಲ್ಟು ಬೇಕಿತ್ತು. ಇಲ್ಲಿ ಅವಸರ ಮಾಡಬಾರದು. ಡ್ರಮ್ ಹಾರ್ಡ್‌ವೇರ್‌ನಲ್ಲಿ ಥ್ರೆಡ್‌ಗಳು ಒಂದೇ ಥರ ಇರುವುದಿಲ್ಲ. ಹೆಡ್ ಬಿಗಿ ಮಾಡುವ ಟೆನ್ಷನ್ ರಾಡ್‌ಗಳನ್ನೇ ನೋಡಿ, ಬಹಳಷ್ಟು ಕಂಪನಿಗಳಲ್ಲಿ ಇಂಚಿನ ಲೆಕ್ಕದ 12-24 ಥ್ರೆಡ್, ಕೆಲವರಲ್ಲಿ ಮಿಲಿಮೀಟರ್ ಲೆಕ್ಕದ್ದು. ಕಣ್ಣಿಗೆ ಒಂದೇ ಅನಿಸುವ ಬೇರೆ ಥ್ರೆಡ್ಡನ್ನು ಒತ್ತಿ ತಿರುಗಿಸಿದರೆ ಬೋಲ್ಟಿನ ಜೊತೆ ಬ್ರಾಕೆಟ್ಟೂ ಹೋಗುತ್ತದೆ, ಬ್ರಾಕೆಟ್ ಹುಡುಕುವುದು ಬೋಲ್ಟ್ ಹುಡುಕಿದಷ್ಟು ಸುಲಭವಲ್ಲ. ಬಲಗಡೆಯ ಸ್ಪರ್‌ನ ಬೋಲ್ಟು ಚೆನ್ನಾಗಿತ್ತು. ಅದನ್ನು ಬಿಚ್ಚಿ ಎಡಗಡೆ ಹಾಕಿದೆ, ಬೆರಳ ತುದಿಯಲ್ಲೇ ಪೂರ್ತಿ ಒಳಗೆ ಹೋಗಿ ಗಟ್ಟಿಯಾಗಿ ಹಿಡಿಯಿತು. ಹಾಗಾದರೆ ಬ್ರಾಕೆಟ್ ಒಳಗಿನ ಥ್ರೆಡ್ ಉಳಿದಿದೆ. ಆ ಬೋಲ್ಟನ್ನೇ ಮಾದರಿಗೆ ಹಿಡಿದು ಅದೇ ಅಳತೆಯದು ತಂದೆವು. ಒಳಗಿನ ಕೊಳವೆಯ ಮೇಲೆ ಹಳೆ ಬೋಲ್ಟು ಕೊರೆದ ಗೀರು ಎದ್ದು ನಿಂತಿತ್ತು, ಅದನ್ನು ಸಣ್ಣ ಅರದಿಂದ ಉಜ್ಜಿ ಸಮ ಮಾಡಿದೆವು.

ಆಮೇಲೆ ಎರಡೂ ಸ್ಪರ್ ಹೊರಗೆ ಬಂದ ಉದ್ದವನ್ನು ಸ್ಕೇಲ್ ಹಿಡಿದು ಒಂದೇ ಮಾಡಿದೆವು. ಡ್ರಮ್ಮಿನ ಮುಂದಿನ ಹೂಪ್ ನೆಲದಿಂದ ಸುಮಾರು 2.5 ಸೆಂಟಿಮೀಟರ್ ಮೇಲೆ ಇರುವ ಹಾಗೆ ಇಟ್ಟೆವು. ಇದು ಕಟ್ಟುನಿಟ್ಟಿನ ಲೆಕ್ಕವಲ್ಲ. ಮುಂದಿನ ಭಾಗ ಸ್ವಲ್ಪ ಎದ್ದಿದ್ದರೆ ಸ್ಪರ್ ನೆಲವನ್ನು ಚೆನ್ನಾಗಿ ಕಚ್ಚುತ್ತದೆ ಅನ್ನೋದಷ್ಟೇ ಉದ್ದೇಶ, ತುಂಬಾ ಎತ್ತಿದರೆ ಪೆಡಲ್ ಕೂರುವ ಕೋನ ಕೆಡುತ್ತದೆ. ಕಾರ್ಪೆಟ್ ಇರುವುದರಿಂದ ರಬ್ಬರ್ ಪಾದವನ್ನು ಹಿಂದಕ್ಕೆ ತಿರುಗಿಸಿ ಚೂಪು ಮೊನೆ ಹೊರಗೆ ತಂದೆವು. ಬೋಲ್ಟು ಮತ್ತೆ ಸಡಿಲವಾದರೂ ಕೊಳವೆ ಜಾರದಿರಲಿ ಅಂತ ಒಳಗಿನ ಕೊಳವೆಗೆ, ಹೊರಗಿನದರ ಬಾಯಿಗೆ ತಾಗುವ ಹಾಗೆ, ಪೈಪಿಗೆ ಹಾಕುವ ಹೋಸ್ ಕ್ಲಾಂಪ್ ಬಿಗಿದೆವು. ನೋಡೋಕೆ ಅಂದವಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು.

ಡ್ರಮ್ಮರ್ ಬೋಲ್ಟಿಗೆ ಥ್ರೆಡ್ ಅಂಟು ಹಾಕೋಣ ಅಂದರು. ಬೇಡ ಅಂದೆ. ಕಿಟ್ ಸಾಗಿಸುವಾಗ ಮಡಚಬೇಕಾದ, ಆಗಾಗ ತಿರುಗಿಸುವ ಬೋಲ್ಟಿಗೆ ಅಂಟು ಹಾಕಿದರೆ ಮುಂದಿನವರು ಮತ್ತೆ ಪಕ್ಕಡ್ ತರುತ್ತಾರೆ. ಒಂದು ಸಲ ಕೂರಿಸಿ ಮರೆಯುವ ಸ್ಕ್ರೂಗಳಿಗೆ ಹಗುರದ ಅಂಟು ಸರಿ.

ಟಾಮ್ ಎಡಗಡೆಯೇ ಇರಲಿ ಅಂತ ಡ್ರಮ್ಮರ್ ಹಟ ಮಾಡಿದರು. ನುಡಿಸುವವರು ಅವರು, ಒಪ್ಪಿಕೊಂಡೆ. ಆದರೆ ಹೋಲ್ಡರ್‌ನ ತೋಳನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಭಾರ ಆದಷ್ಟು ನಡುವಿಗೆ ಬರುವ ಹಾಗೆ ಮಾಡಿದೆವು.

ಪೆಡಲ್ ಕಚ್ಚಿಸುವುದು ಕೊನೆಗೆ. ಮೊದಲು ಸ್ಪರ್, ಆಮೇಲೆ ಟಾಮ್, ಡ್ರಮ್ ತನ್ನ ಭಾರಕ್ಕೆ ನೆಲೆ ನಿಂತ ಮೇಲೆ ಪೆಡಲ್. ಕ್ಲಾಂಪ್ ಸಡಿಲವಾಗಿಯೇ ಇಟ್ಟು ಪೆಡಲ್ ಮೇಲೆ ಕಾಲಿಟ್ಟು ಒತ್ತಿ, ನಾಲ್ಕೂ ಮೂಲೆ ನೆಲಕ್ಕೆ ಕೂತದ್ದನ್ನು ನೋಡಿ ಕ್ಲಾಂಪ್ ಬಿಗಿಯಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ. ಪೆಡಲ್ ಬಿಗಿದು ಆಮೇಲೆ ಸ್ಪರ್ ಎಳೆಯುತ್ತಾರೆ, ಅಲ್ಲೇ ಓರೆ ಶುರು.

ಪೆಡಲ್ ಪೂರ್ತಿ ನಿರಪರಾಧಿಯೂ ಅಲ್ಲ

ಕಾರಣ ಹೊರಗಿತ್ತು ನಿಜ. ಆದರೆ ಸ್ಪ್ರೇ ಮತ್ತು ತಿರುಚುವಿಕೆಯಿಂದ ಹಳೆಯ ಪೆಡಲ್‌ಗೆ ಪೆಟ್ಟು ಬಿದ್ದಿತ್ತು. ಸ್ಪ್ರಿಂಗ್, ಬೀಟರ್, ಚೈನು ಮೂರನ್ನೂ ಬಿಚ್ಚಿ ಶಾಫ್ಟನ್ನು ಮಾತ್ರ ಬೆರಳಲ್ಲಿ ತಿರುಗಿಸಿ ನೋಡಿದೆವು. ಹೀಗೆ ನೋಡಿದಾಗ ನುಣ್ಣಗೆ ತಿರುಗಬೇಕು, ಎಲ್ಲೂ ಮರಳು ಸಿಕ್ಕಿದ ಹಾಗೆ ಅನಿಸಬಾರದು. ಎಡ ತುದಿ ಸರಿ ಇತ್ತು, ಬಲ ತುದಿಯಲ್ಲಿ ಕರಕರ. ಸ್ಪ್ರಿಂಗ್ ಇರುವಾಗ ಇದು ಗೊತ್ತೇ ಆಗುವುದಿಲ್ಲ, ಅದರ ಬಲ ಎಲ್ಲವನ್ನೂ ಮುಚ್ಚುತ್ತದೆ.

ಬೇರಿಂಗ್ ಬದಲಿಸಿದೆವು. ಇದಕ್ಕೆ ಪೆಡಲ್ ಕಂಪನಿಯನ್ನೇ ಹುಡುಕಿಕೊಂಡು ಹೋಗಬೇಕು ಅಂತೇನಿಲ್ಲ. ಬೇರಿಂಗ್‌ನ ಬದಿಯಲ್ಲಿ ಸಾಮಾನ್ಯವಾಗಿ ನಂಬರ್ ಕೊರೆದಿರುತ್ತದೆ, ಆ ನಂಬರಿನಲ್ಲೇ ಅಳತೆ ಇದೆ. ಉದಾಹರಣೆಗೆ 608 ಅಂದರೆ ಒಳ ವ್ಯಾಸ 8, ಹೊರ ವ್ಯಾಸ 22, ಅಗಲ 7 ಮಿಲಿಮೀಟರ್, ಸ್ಕೇಟ್‌ಬೋರ್ಡ್ ಚಕ್ರದಲ್ಲಿ ಇರುವುದು ಅದೇ. ನಂಬರ್ ಅಳಿಸಿದ್ದರೆ ಈ ಮೂರು ಅಳತೆ ತೆಗೆದುಕೊಂಡರೆ ಸಾಕು. ಕೂರಿಸುವಾಗ ಹೊರಗಿನ ಬಳೆಯನ್ನು ಮಾತ್ರ ಒತ್ತಬೇಕು. ಒಳಗಿನ ಬಳೆಯ ಮೇಲೆ ಬಡಿದರೆ ಆ ಪೆಟ್ಟೆಲ್ಲ ಗುಂಡುಗಳ ಮೇಲೆ ಬೀಳುತ್ತದೆ, ಹೊಸ ಬೇರಿಂಗ್ ಹುಟ್ಟುವಾಗಲೇ ಹಳೆಯದಾಗುತ್ತದೆ.

ಉಳಿದದ್ದು ಸಣ್ಣ ಕೆಲಸ. ಚೈನು, ಹಿಂಜ್ ಎಲ್ಲ ಒರೆಸಿ ಆ ಬೂದು ಪದರ ತೆಗೆದು, ಹಿಂಜ್ ಪಿನ್ನಿಗೆ ಒಂದೊಂದು ಹನಿ ತೆಳು ಎಣ್ಣೆ, ಸ್ಪ್ರಿಂಗ್ ಕೊಕ್ಕೆ ತಾಗುವ ಎರಡೂ ಜಾಗಕ್ಕೆ ಚಿಟಿಕೆ ಗ್ರೀಸ್. ಮುಚ್ಚಳ ಇರುವ ಬೇರಿಂಗ್‌ಗೆ ಹೊರಗಿನಿಂದ ಏನೂ ಹಾಕಲಿಲ್ಲ. ಹೊಸ ಸ್ಪ್ರಿಂಗನ್ನು ಓರೆತನದ ವಿರುದ್ಧ ಗೆಲ್ಲಲು ಎಳೆದು ಕಟ್ಟಿದ್ದರಲ್ವಾ, ಈಗ ಓರೆ ಇಲ್ಲ, ಹಾಗಾಗಿ ಬೀಟರ್ ಹುಚ್ಚು ಕುದುರೆಯಾಯಿತು. ಡ್ರಮ್ಮರ್ ಕಾಲಿಗೆ ಹಿತ ಆಗುವವರೆಗೆ ಸಡಿಲ ಮಾಡಿ ಲಾಕ್ ನಟ್ಟು ಬಿಗಿದೆವು. ಈ ಲಾಕ್ ನಟ್ಟು ಮರೆತರೆ ನುಡಿಸುತ್ತಾ ನುಡಿಸುತ್ತಾ ಸ್ಪ್ರಿಂಗ್ ತಾನೇ ಸಡಿಲ ಆಗುತ್ತದೆ, ಮತ್ತೆ 'ಪೆಡಲ್ ಹಾಳು' ಅನ್ನೋ ಮಾತು ಶುರುವಾಗುತ್ತದೆ.

ಉಳಿದ ಆ ಝರ್ರ್

ಕಿರ್ರ್ ಹೋದ ಮೇಲೆ ಝರ್ರ್ ಎಲ್ಲರಿಗೂ ಇನ್ನೂ ಜೋರಾಗಿ ಕೇಳತೊಡಗಿತು. ಮೊದಲೂ ಅಷ್ಟೇ ಇತ್ತು, ಕಿವಿ ಬೇರೆ ಕಡೆ ಇತ್ತು ಅಷ್ಟೇ.

ರೂಮ್ ನೋಡಿಕೊಳ್ಳುವವರು ಎಲ್ಲೋ ಕೇಳಿಕೊಂಡು ಬಂದಿದ್ದರು, ಲಗ್ (ಟೆನ್ಷನ್ ರಾಡ್ ಕೂರುವ, ಡ್ರಮ್ಮಿನ ಮೈಮೇಲಿನ ಗೂಡು) ಒಳಗಿನ ಸ್ಪ್ರಿಂಗ್ ಅಲುಗುತ್ತಿರುತ್ತದೆ, ಎಲ್ಲ ಲಗ್ ಬಿಚ್ಚಿ ಒಳಗೆ ಹತ್ತಿ ತುಂಬಬೇಕು ಅಂತ. ಮಾತು ಸುಳ್ಳಲ್ಲ. ಹಳೆಯ ಕೆಲವು ಕಿಟ್‌ಗಳಲ್ಲಿ ಲಗ್ ಒಳಗೆ ಸ್ಪ್ರಿಂಗ್ ಇರುತ್ತದೆ, ಅದು ಗುಯ್ಗುಡುತ್ತದೆ. ಆದರೆ ಅದಕ್ಕಾಗಿ ಎಲ್ಲ ಹೆಡ್ ತೆಗೆಯಬೇಕು, ಆಮೇಲೆ ಇಡೀ ಕಿಟ್ ಟ್ಯೂನ್ ಮಾಡಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಬೆರಳು ಇಟ್ಟು ನೋಡೋಣ ಅಂದೆ.

ಮೊದಲು ಸ್ನೇರ್‌ನ ಲಿವರ್ ಕೆಳಗೆ ಮಾಡಿ ತಂತಿಗಳನ್ನು ಬಿಡಿಸಿದೆವು. ಅರ್ಧ ಝರ್ರ್ ಅಲ್ಲೇ ಹೋಯಿತು. ಬಾಸ್ ಡ್ರಮ್ ಹೊಡೆದಾಗ ಸ್ನೇರ್ ತಂತಿ ತಾನೂ ನಡುಗುವುದು ತೊಂದರೆ ಅಲ್ಲ, ಅದರ ಸ್ವಭಾವ. ಟ್ಯೂನಿಂಗ್‌ನಲ್ಲಿ ಕಡಿಮೆ ಮಾಡಬಹುದು, ಪೂರ್ತಿ ಹೋಗಿಸಲು ಹೊರಟರೆ ಸ್ನೇರ್ ಸತ್ತ ಹಾಗೆ ಕೇಳುತ್ತದೆ. ಉಳಿದರ್ಧಕ್ಕೆ ಡ್ರಮ್ಮರ್ ಬಾಸ್ ಡ್ರಮ್ ಹೊಡೆಯುತ್ತಾ ಹೋದರು, ನಾನು ಒಂದೊಂದೇ ಭಾಗವನ್ನು ಗಟ್ಟಿಯಾಗಿ ಹಿಡಿಯುತ್ತಾ ಹೋದೆ. ಲಗ್‌ಗಳು, ಇಲ್ಲ. ಹೂಪ್ ಹಿಡಿಯುವ ಕೊಕ್ಕೆಗಳು, ಇಲ್ಲ. ಟಾಮ್ ತೆಗೆದು ಕೆಳಗಿಟ್ಟೆವು, ಝರ್ರ್ ನಿಂತಿತು. ವಾಪಸ್ ಇಟ್ಟು ಹೋಲ್ಡರ್ ಕೊಳವೆಯ ಮೇಲಿನ ಮೆಮೊರಿ ಲಾಕ್ ಹಿಡಿದೆ, ಮತ್ತೆ ನಿಂತಿತು. ಎತ್ತರದ ಗುರುತಿಗಾಗಿ ಇರುವ ಆ ಬಳೆ ಸಡಿಲವಾಗಿ ಕೊಳವೆಯ ಮೇಲೆ ಕುಣಿಯುತ್ತಿತ್ತು. ಡ್ರಮ್ ಕೀಯಲ್ಲಿ (ಡ್ರಮ್ಮಿನ ಸ್ಕ್ರೂ ತಿರುಗಿಸುವ ಕೀಲಿ) ಒಂದು ಸುತ್ತು. ಮುಗಿಯಿತು. ಲಗ್ ಒಂದನ್ನೂ ಬಿಚ್ಚಲಿಲ್ಲ.

ಅದೇ ಓಡಾಟದಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ: ಒಂದು ಸಿಂಬಲ್ ಸ್ಟ್ಯಾಂಡ್‌ನಲ್ಲಿ ರಾಡಿಗೆ ತೊಡಿಸುವ ಪ್ಲಾಸ್ಟಿಕ್ ಸ್ಲೀವ್ ಇರಲಿಲ್ಲ, ಮೇಲಿನ ನಟ್ಟನ್ನು ಪಕ್ಕಡ್‌ನಿಂದ ತಿರುವಿದ್ದರು. ಸ್ಲೀವ್ ಇಲ್ಲದಿದ್ದರೆ ರಾಡಿನ ಥ್ರೆಡ್ ಸಿಂಬಲ್‌ನ ತೂತನ್ನು ಅರದಂತೆ ತಿನ್ನುತ್ತದೆ, ದುಂಡು ತೂತು ಬೀಗದ ಕಿಂಡಿಯ ಆಕಾರಕ್ಕೆ ಬರುತ್ತದೆ. ಸಿಂಬಲ್ ಅಲುಗಾಡಲು ಜಾಗ ಇಲ್ಲದಷ್ಟು ಬಿಗಿದರೆ ಸೀಳು ಬಿಡುವ ಅಪಾಯವೂ ಜಾಸ್ತಿ. ಇಲ್ಲಿ ತೂತು ಒಂದು ಬದಿಗೆ ಸ್ವಲ್ಪ ಸವೆಯಲು ಶುರುವಾಗಿತ್ತು. ಸ್ಲೀವ್ ಹಾಕಿ, ಫೆಲ್ಟ್ ಬದಲಿಸಿ, ನಟ್ಟನ್ನು ಸಿಂಬಲ್ ಆರಾಮಾಗಿ ತೂಗುವಷ್ಟಕ್ಕೆ ಬಿಟ್ಟೆವು. ಡ್ರಮ್ ಬದಲಿಸುವ ಬಗ್ಗೆ ಅಷ್ಟೆಲ್ಲ ಮಾತಾಡಿದವರು ಈ ಸಣ್ಣ ಕೊಳವೆ ಕಾಣೆಯಾಗಿದ್ದನ್ನು ನೋಡಿರಲಿಲ್ಲ. ಇದು ಸದ್ದು ಮಾಡುವುದಿಲ್ಲವಲ್ಲ.

ಆಮೇಲೆ

ಜನ ಬದಲಾಗುವುದಿಲ್ಲ, ಹಾಗಾಗಿ ರೂಮನ್ನು ಬದಲಿಸಿದೆವು. ಪಕ್ಕಡನ್ನು ರೂಮಿನಿಂದಲೇ ಹೊರಗೆ ಹಾಕಿದರು. ಡ್ರಮ್ ಕೀಯನ್ನು ದಾರದಲ್ಲಿ ಕಟ್ಟಿ ಹೋಲ್ಡರ್‌ಗೆ ನೇತು ಹಾಕಿದರು, ಕೀ ಕೈಗೆ ಸಿಗುವ ಹಾಗಿದ್ದರೆ ಬೇರೆ ಆಯುಧ ಹುಡುಕುವುದಿಲ್ಲ. ಎರಡೂ ಸ್ಪರ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದರು. ಗೆರೆ ಕಾಣದಿದ್ದರೆ ಜಾರಿದೆ ಅಂತ ಯಾರಿಗಾದರೂ ತಿಳಿಯುತ್ತದೆ. ಒಂದು ಹಳೆ ಡಬ್ಬಿಯಲ್ಲಿ ಸ್ಲೀವ್, ಫೆಲ್ಟ್, ವಾಷರ್, ಒಂದು ರೆಕ್ಕೆ ಬೋಲ್ಟು ಇಟ್ಟರು.

ಇದಾದ ಮೇಲೆ ಒಂದು ಸಲ ಮತ್ತೆ ಕಿರ್ರ್ ಬಂತಂತೆ. ಈ ಸಲ ಯಾರೂ ಸ್ಪ್ರೇ ಹುಡುಕಲಿಲ್ಲ. ಡ್ರಮ್ಮರ್ ಬಗ್ಗಿ ಪೆಡಲ್ ಬುಡ ನೋಡಿದರು, ಒಂದು ಕೇಬಲ್ ಚೌಕಟ್ಟಿನ ಪಾದದ ಕೆಳಗೆ ಸಿಕ್ಕಿಕೊಂಡಿತ್ತು. ರಟ್ಟಿನ ಪರೀಕ್ಷೆಯನ್ನು ಯಾರೋ ಗೊತ್ತಿಲ್ಲದೆ ಕೇಬಲ್ ಇಟ್ಟು ಮಾಡಿದ್ದರು. ಎಳೆದು ತೆಗೆದರು, ನಿಂತಿತು.

ಎರವಲು ಪೆಡಲ್ ವಾಪಸ್ ಹೋಗಿದೆ, ಹಳೆಯದೇ ನಡೆಯುತ್ತಿದೆ. ಒಂದು ಕೆಲಸ ಬಾಕಿ ಇದೆ. ಬಾಸ್ ಡ್ರಮ್ಮಿನ ಮರದ ಹೂಪಿನಲ್ಲಿ ಕ್ಲಾಂಪ್ ಕಚ್ಚಿದ ಜಾಗ ನುಗ್ಗಾಗಿದೆ, ಅಷ್ಟು ದಿನ ಓರೆಯಾಗಿ ಹಿಡಿದಿದ್ದರಿಂದ ಒಂದು ಬದಿಗೆ ಹೆಚ್ಚು. ಸದ್ಯಕ್ಕೆ ನಡುವೆ ರಬ್ಬರ್ ತುಂಡು ಇಟ್ಟಿದ್ದೇವೆ. ಹೂಪ್ ತಿರುಗಿಸಿ ಗಟ್ಟಿ ಇರುವ ಭಾಗವನ್ನು ಕೆಳಗೆ ತರಬೇಕು, ಅದಕ್ಕೆ ಹೆಡ್ ಪೂರ್ತಿ ಸಡಿಲ ಮಾಡಬೇಕಾಗುತ್ತದೆ. ಹೆಡ್ ಹೇಗೂ ಹಳೆಯದಾಗಿದೆ, ಅದನ್ನು ಬದಲಿಸುವ ದಿನ ಎರಡನ್ನೂ ಒಟ್ಟಿಗೆ ಮಾಡುವುದು ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟಿದ್ದಾರೆ.